ಅತ್ಯುತ್ತಮ ಸಾಕ್ಷಿ

ಹೋದ ವಾರ ಕೋರ್ಟಿಗೆ ಹೊರಡುವ ಮುನ್ನ ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡಿಗೆ ಇಸ್ತ್ರಿ ಹಾಕುತ್ತಿದ್ದೆ. ಅಂಗಡಿಯಿಂದ ತರುವ ಗಂಜಿಪುಡಿ ಮುಗಿದಿತ್ತು. ಅನ್ನ ಬಸಿದ ಗಂಜಿಯಲ್ಲೇ ಅದ್ದಿ ಒಣಗಿಸಿದ್ದೆ. ಬಿಸಿ ತಾಗಿದ ಕೂಡಲೇ ಸ್ವಲ್ಪ ಹುಳಿ, ಸ್ವಲ್ಪ ಸೀದ ಅನ್ನದಂಥ ವಾಸನೆ ಎದ್ದಿತು. ನನ್ನ ಕೈ ಅಲ್ಲೇ ನಿಂತಿತು. ಅದು ನಮ್ಮ ಮೇಡಂ ಮನೆಯ ಅಡುಗೆಕೋಣೆಯ ವಾಸನೆ...

ಮೇಡಂ ಹಗಲು ಅರಸೀಕೆರೆ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದರು. ಸಂಜೆ ನಮ್ಮ ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಕಾಯಿದೆಯ ಪಾಠ ಹೇಳುತ್ತಿದ್ದರು. ರೈಲ್ವೆ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಬ್ಬರೇ ಇದ್ದರು. ಅವರ ಕನ್ನಡ ಎಂದರೆ ಅಚ್ಚು ಹಾಕಿದ ಹಾಗೆ. ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ. ನಾನು ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು. ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ತೆರೆದರೆ ‘ಐತೆ’, ‘ಬತ್ತೀನಿ’ ಎಂದೇ ಬರುತ್ತಿತ್ತು. ಆದ್ದರಿಂದ ಸಾಮಾನ್ಯವಾಗಿ ತೆರೆಯುತ್ತಲೇ ಇರಲಿಲ್ಲ.

ವರ್ಷಕ್ಕೊಮ್ಮೆ ಸುತ್ತಮುತ್ತಲ ಕಾಲೇಜುಗಳ ನಡುವೆ ಅಣಕು ನ್ಯಾಯಾಲಯ ಸ್ಪರ್ಧೆ ನಡೆಯುತ್ತಿತ್ತು. ಒಂದು ಕಲ್ಪಿತ ಮೊಕದ್ದಮೆಯ ಕಾಗದಗಳನ್ನು ಮುಂಚೆಯೇ ಕಳಿಸಿಕೊಡುತ್ತಿದ್ದರು. ಒಂದೊಂದು ತಂಡದಲ್ಲಿ ಇಬ್ಬರು ವಕೀಲರು, ಒಬ್ಬ ಸಾಕ್ಷಿ. ತೀರ್ಪು ಕೊಡಲು ನಿಜವಾದ ವಕೀಲರು, ನಿವೃತ್ತ ನ್ಯಾಯಾಧೀಶರು ಬರುತ್ತಿದ್ದರು. ಹೊತ್ತು ಮುಗಿಯಿತೆಂದು ಗಂಟೆ ಬಾರಿಸಲು ಪ್ರತಿ ವರ್ಷವೂ ಒಬ್ಬರೇ ಗುಮಾಸ್ತರು. ಓದು ಮುಗಿಸಿ ಹೋದವರು ರಜೆ ಹಾಕಿ ಬರುತ್ತಿದ್ದರು. ತಮ್ಮ ಕರಿ ಕೋಟನ್ನು ಈ ವರ್ಷದ ಹುಡುಗರಿಗೆ ತೊಡಿಸಿ, ತೋಳು ಉದ್ದವಾಯಿತೆಂದು ನಗುತ್ತಿದ್ದರು. ಬೆಳಿಗ್ಗೆ ಒಬ್ಬರನ್ನೊಬ್ಬರು ಪಾಟಿ ಸವಾಲಿನಲ್ಲಿ ಹಿಂಡಿದವರು ಮಧ್ಯಾಹ್ನ ಒಂದೇ ಪೊಟ್ಟಣದ ಪುಳಿಯೋಗರೆ ಹಂಚಿಕೊಳ್ಳುತ್ತಿದ್ದರು. ಆ ಬಳಗಕ್ಕೆ ಸೇರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ... ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಮೇಡಂ ತಂಡದ ಹೆಸರು ಓದಿದರು. ವಕೀಲರಾಗಿ ಹಳೇಬೀಡಿನ ಒಬ್ಬ ಹುಡುಗ ಮತ್ತು ಅರಸೀಕೆರೆಯ ಕೊಬ್ಬರಿ ಮಂಡಿಯವರ ಮಗಳು. ಸಾಕ್ಷಿಯಾಗಿ ನಾನು. ಕೊಬ್ಬರಿ ಗೋದಾಮಿಗೆ ಬೆಂಕಿ ಹಚ್ಚಿದ ಮೊಕದ್ದಮೆ ಅದು. ಬೆಂಕಿ ಬಿದ್ದಾಗ ಮಾಲೀಕನ ಭಾವಮೈದುನ ಓಡಿಹೋಗಿದ್ದನ್ನು ಕಂಡ ನೆರೆಮನೆಯ ಹೆಂಗಸು ನಾನಾಗಬೇಕು. ಹಳ್ಳಿಯ ಹೆಂಗಸು. ಯಾಕೆ ನನ್ನನ್ನೇ ಆರಿಸಿದರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾನುವಾರಗಳಂದು ಬಸ್ತಿಹಳ್ಳಿಯ ಬಸದಿಯ ಹೊರಗಿನ ಹುಲ್ಲಿನ ಮೇಲೆ ಅಭ್ಯಾಸ. ಹಳೇಬೀಡಿನ ಹುಡುಗನಿಗೆ ಹತ್ತಿರವಾಗುತ್ತಿತ್ತು, ನಮಗೂ ಕಾಲೇಜಿನ ಬಿಸಿ ಕೋಣೆಗಿಂತ ಹಿತ. ಅವರಿಬ್ಬರೂ ಕಂಬಗಳ ಕಡೆಗೆ ಮುಖ ಮಾಡಿ ವಾದ ಹೇಳಿ ಹೇಳಿ ಸರಿಮಾಡಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಹುಡುಗ, ನಿನಗೆ ಅಭ್ಯಾಸವೇ ಬೇಡ, ಸುಮ್ಮನೆ ಮಾತಾಡಿದರೆ ಸಾಕು ಎನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ. ನಾನೂ ನಗುತ್ತಿದ್ದೆ. ಮೇಡಂ ಮಾತ್ರ ನಗುತ್ತಿರಲಿಲ್ಲ. ನಾನು ಹೇಳುವುದನ್ನು ತಲೆ ತಗ್ಗಿಸಿ ಕೇಳುತ್ತಿದ್ದರು, ಬಹಳ ದಿನದ ಮೇಲೆ ಯಾವುದೋ ಹಾಡು ಕೇಳುತ್ತಿರುವವರ ಹಾಗೆ.

ಸ್ಪರ್ಧೆ ಬೇಲೂರಿನಲ್ಲಿ. ಹಿಂದಿನ ಸಂಜೆ ಮೇಡಂ ಮನೆಯಲ್ಲಿ ಬ್ಯಾಂಡುಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟರು. ಎರಡೇ ಬ್ಯಾಂಡು. ಸಾಕ್ಷಿಗೆ ಕೋಟೂ ಇಲ್ಲ, ಬ್ಯಾಂಡೂ ಇಲ್ಲ. ನನಗೆ ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ನೂಲಿನ ಸೀರೆ ತೆಗೆದುಕೊಟ್ಟರು. ಮಾರನೆಯ ದಿನ ತಂಡಗಳ ಫೋಟೋ ತೆಗೆಯುವಾಗ ಕರಿ ಕೋಟುಗಳ ಸಾಲಿನ ತುದಿಯಲ್ಲಿ ಆ ಸೀರೆ ಉಟ್ಟು ನಿಂತಿದ್ದೆ. ಯಾರೋ ಒಬ್ಬರು ನನ್ನನ್ನು ಅಡುಗೆಯವಳೆಂದು ತಿಳಿದು, ಇನ್ನೊಂದು ಲೋಟ ನೀರು ತರಲು ಹೇಳಿದರು.

ಅವ್ವನಿಗೆ ಬರಬೇಡ ಎಂದಿದ್ದೆ. ಅವಳು ಬಂದಳು. ಮಗಳು ಕೋರ್ಟಿನಲ್ಲಿ ಮಾತಾಡುತ್ತಾಳಂತೆ ಎಂದು ಬಸ್ಸು ಹಿಡಿದು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಳು.

ಕಟಕಟೆಯಲ್ಲಿ ನಿಂತೆ. ಎದುರು ತಂಡದ ವಕೀಲ ಚುರುಕಿನವನು. ಅಷ್ಟು ದೂರದಿಂದ ಆರೋಪಿಯ ಮುಖ ಕಂಡಿತೆಂದು ಹೇಗೆ ಹೇಳುತ್ತೀರಿ, ಬೀದಿದೀಪವಿಲ್ಲ, ಚಂದ್ರನಿಲ್ಲ, ಬೆಳಕಾದರೂ ಎಲ್ಲಿತ್ತು ಎಂದು ಒತ್ತಿ ಕೇಳಿದ. ನಾನು ಯೋಚಿಸಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

“ಬೆಂಕಿ ಬಿದ್ದೈತೆ ಅಂತ ನೀವೇ ಹೇಳ್ತಾ ಇದೀರಲ್ಲ ಸ್ವಾಮಿ. ಇನ್ಯಾವ ಬೆಳಕು ಬೇಕಿತ್ತು?”

ಇಡೀ ಸಭೆ ನಕ್ಕಿತು. ಅವನಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಮೊದಲು ನನಗೆ ಖುಷಿಯಾಯಿತು. ಆಮೇಲೆ ನೋಡಿದರೆ ನಾನು ಏನು ಹೇಳಿದರೂ ನಗುತ್ತಿದ್ದರು. ಹೌದು ಅಂದರೂ, ಇಲ್ಲ ಅಂದರೂ. ಹಿಂದಿನ ಬೆಂಚಿನಲ್ಲಿ ಒಬ್ಬ ನನ್ನ ಮಾತನ್ನು ಪಕ್ಕದವನಿಗೆ ಹಾಗೇ ಅಂದು ತೋರಿಸುತ್ತಿದ್ದ. ನಮ್ಮ ತಂಡ ಗೆದ್ದಿತು. ನನಗೆ ‘ಅತ್ಯುತ್ತಮ ಸಾಕ್ಷಿ’ ಎಂದು ಪದಕ ಬಂತು.

ಪದಕ ಕೊಡುವಾಗ ನಿವೃತ್ತ ನ್ಯಾಯಾಧೀಶರು ಮೈಕಿನ ಮುಂದೆ ನನ್ನ ಬೆನ್ನು ತಟ್ಟಿದರು. ಈ ಮಗು ಆ ಹಳ್ಳಿ ಭಾಷೆಯನ್ನು ಕೊನೆಯವರೆಗೆ ಒಂದು ಸಲವೂ ಬಿಟ್ಟುಕೊಡಲಿಲ್ಲ, ಎಂಥ ನಟನೆ, ಎಲ್ಲಿ ಕಲಿತೆಯಮ್ಮ ಎಂದು ಕೇಳಿ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಏನು ಹೇಳಿದರೂ ಅದೇ ಭಾಷೆಯಲ್ಲಿ ಬರುತ್ತಿತ್ತು.

ಆಗ ಕೆಳಗೆ ಕೂತಿದ್ದ ಮೇಡಂ ಎದ್ದು ನಿಂತರು.

“ಸರ್, ಅವಳದು ನಟನೆಯಲ್ಲ. ಅವಳು ಮಾತಾಡುವುದೇ ಹಾಗೆ.”

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಅವನ ಹಿಂದೆಯೇ ಎಲ್ಲರೂ. ನ್ಯಾಯಾಧೀಶರು ಪೆಚ್ಚಾಗಿ, ಹಾಗಾದರೆ ಇನ್ನೂ ಒಳ್ಳೆಯದೇ ಆಯಿತು ಎಂದು ಏನೋ ಹೇಳಿ ಮುಗಿಸಿದರು. ನಾನು ವೇದಿಕೆಯ ಮೆಟ್ಟಿಲು ಇಳಿಯುವಾಗ ಕಾಲ ಕೆಳಗಿನ ನೆಲ ಕಾಣಲಿಲ್ಲ. ಮೇಡಂ ನನ್ನ ಪರವಾಗಿ ನಿಂತಿದ್ದರು, ಅದು ಇವತ್ತು ಗೊತ್ತು. ಅವತ್ತು ಮಾತ್ರ ಮೈಮೇಲಿನ ಬಟ್ಟೆಯನ್ನೇ ಸೆಳೆದ ಹಾಗಾಗಿತ್ತು.

ವಾಪಸು ಬರುವಾಗ ಅರಸೀಕೆರೆ ಬಸ್ಸಿನಲ್ಲಿ ಮೂವರ ಸೀಟು. ಕಿಟಕಿಯ ಪಕ್ಕ ಮೇಡಂ, ನಡುವೆ ಅವ್ವ, ಈಚೆ ನಾನು. ಹಳೇಬೀಡು ದಾಟುವವರೆಗೆ ಅವ್ವ ಪದಕವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ಮೇಡಂ ಕಡೆ ತಿರುಗಿದಳು.

“ಯಾಕ್ ನಕ್ಕಿದ್ದು ಮೇಡಮ್ಮೋರೆ ಅವ್ರೆಲ್ಲ? ನನ್ ಮಗ್ಳು ತಪ್ಪು ಹೇಳಿದ್ಲಾ?”

ನಾನು ರಸ್ತೆ ನೋಡುತ್ತಾ ಕೂತೆ. ಅವ್ವ ಮಾತಾಡುವುದೂ ಅದೇ ಭಾಷೆ. ಅಷ್ಟು ಹೊತ್ತು ಆ ಜನ ನಕ್ಕಿದ್ದು ಅವಳ ಮಾತಿಗೇ. ಅದು ಅವಳಿಗೆ ತಿಳಿಯದಿರಲಿ ಎಂದು ಉಸಿರು ಹಿಡಿದಿದ್ದೆ. ಮೇಡಂ ಬಾಯಿ ತೆರೆದಾಗ ಆ ದನಿ ಯಾರದೆಂದು ನಾನು ಕತ್ತು ತಿರುಗಿಸಿ ನೋಡಬೇಕಾಯಿತು.

“ಅವ್ಳ್ ತಪ್ಪೇನೂ ಇಲ್ಲ ಕಣವ್ವ. ನಾನೂ ಹಗರೆಯೋಳೇ. ನಂದೂ ಇದೇ ಮಾತೇಯ. ಕೋರ್ಟಿಗ್ ಬಂದ್ ಹೊಸದ್ರಲ್ಲಿ ನನ್ನೂ ಹಿಂಗೇ ನಕ್ಬುಟ್ರು. ಬಿಟ್ಬುಟ್ಟೆ. ಇವ್ಳಾದ್ರೂ ಬಿಡ್ದೆ ಇರ್ಲಿ ಅಂತ ಅಂದ್ಕಂಡೆ... ನಾಚ್ಕೆ ಆಯ್ತದೆ ಕಣವ್ವ, ಅವ್ಳ ಮುಖ ನೋಡಕ್ಕೆ.”

ಅವ್ವ ಅವರ ಕೈ ಹಿಡಿದುಕೊಂಡಳು. ಊರಿಗೆ ಬಂದ ಮೇಲೆ ಅವ್ವ ಪದಕವನ್ನು ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿದಳು. ಬಂದವರಿಗೆಲ್ಲ ತೋರಿಸಿದಳು. ದಿನಾ ಬೆಳಿಗ್ಗೆ ತಲೆ ಬಾಚುವಾಗ ನಾನು ಅದರ ಕಡೆ ನೋಡದೆ ಬೈತಲೆ ತೆಗೆಯುವುದನ್ನು ಕಲಿತೆ.

ಮುಂದಿನ ವರ್ಷ ಮೇಡಂ ನನ್ನ ಹೆಸರನ್ನು ವಕೀಲರ ಜಾಗದಲ್ಲಿ ಬರೆದರು. ಪಾಟಿ ಸವಾಲು ನನ್ನದು. ಹಳೇಬೀಡಿನ ಹುಡುಗ ಭಾಷೆಗೆ ಅಂಕ ಇದೆಯಲ್ಲ ಮೇಡಂ ಎಂದ. ಪ್ರಿನ್ಸಿಪಾಲರು ಕರೆಸಿ, ಗೆದ್ದ ತಂಡವನ್ನು ಯಾಕೆ ಕೆಡಿಸುತ್ತೀರಿ ಎಂದು ಕೇಳಿದರಂತೆ. ನಮ್ಮ ಕೋರ್ಟಿಗೆ ಬರುವ ಕಕ್ಷಿಗಾರರು ಮಾತಾಡುವ ಭಾಷೆಯಲ್ಲಿ ವಕೀಲರು ಯಾಕೆ ಪ್ರಶ್ನೆ ಕೇಳಬಾರದು ಎಂದು ಮೇಡಂ ಹಟ ಹಿಡಿದರು. ನನ್ನನ್ನು ಬಿಟ್ಟುಬಿಡಿ ಎಂದು ನಾನೇ ಅವರ ಮನೆಗೆ ಹೋಗಿ ಕೇಳಿಕೊಂಡೆ. ಅವರು ಒಲೆಯ ಮುಂದೆ ಗಂಜಿ ಬಸಿಯುತ್ತಿದ್ದರು. ಈ ಸಲ ಮೂರು ಬ್ಯಾಂಡು ಅದ್ದುತ್ತೇನೆ, ತಂಡಕ್ಕೆ ಎರಡು, ಇನ್ನೊಂದು ನೀನೇ ಇಟ್ಟುಕೋ ಎಂದರು, ಅಷ್ಟೇ.

ಆ ಸಲ ಸ್ಪರ್ಧೆ ಅರಸೀಕೆರೆಯಲ್ಲೇ. ಯಾರದೋ ಕೋಟು ತೊಟ್ಟು ಎದ್ದೆ. ಮೊದಲ ಪ್ರಶ್ನೆ ನನ್ನ ಭಾಷೆಯಲ್ಲೇ ಬಂತು. ಮೂಲೆಯಲ್ಲೊಂದು ಸಣ್ಣ ನಗು ಕೇಳಿಸಿತು, ಅಥವಾ ಕೇಳಿಸಿದಂತಾಯಿತು. ಎರಡನೆಯ ಪ್ರಶ್ನೆಯನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋದೆ. ಅರ್ಧ ಅದು, ಅರ್ಧ ಇದು. ‘ನೀವು ಅಲ್ಲಿ ಇದ್ದಿರೋ... ಇದ್ರಾ... ಇದ್ದಂಥವರಾಗಿದ್ದಿರೋ’ ಎಂದು ತಡವರಿಸಿದೆ. ಸಾಕ್ಷಿಯಾಗಿದ್ದ ಹುಡುಗಿಗೇ ಪಾಪವೆನಿಸಿ ತಲೆ ತಗ್ಗಿಸಿದಳು. ತರಬೇತಿ ಕೊಟ್ಟವರು ಬಾಯಿ ತೆರೆಯುವಂತಿಲ್ಲ ಎಂಬುದು ನಿಯಮ. ಮೇಡಂ ಮೊದಲ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ನಾನು ನಿಂತೇ ಇದ್ದೆ. ಗುಮಾಸ್ತರು ಗಂಟೆ ಬಾರಿಸಿದರು.

ಮೊದಲ ಸುತ್ತಿನಲ್ಲೇ ಸೋತೆವು. ಅವತ್ತಿನ ತೀರ್ಪುಗಾರರು ಬೇರೆಯವರು, ಹಿರಿಯ ವಕೀಲರು. ನ್ಯಾಯಾಲಯದಲ್ಲಿ ಎಂಥ ಭಾಷೆ ಆಡಬೇಕೆಂಬುದನ್ನು ಮೊದಲು ತರಬೇತಿ ಕೊಡುವವರು ತಿಳಿದಿರಬೇಕು ಎಂದು ಎಲ್ಲರ ಮುಂದೆ ಹೇಳಿದರು. ಆ ಬಳಗದವರೆಲ್ಲ ಅಲ್ಲಿದ್ದರು. ಮೇಡಂ ಪಾಠ ಹೇಳಿ ತಯಾರು ಮಾಡಿದ ಹಳಬರೂ ಇದ್ದರು. ಯಾರೂ ಏನೂ ಹೇಳಲಿಲ್ಲ. ಮೇಡಂ ಎದ್ದು ನಿಂತು, ತಪ್ಪಾಯಿತು ಸರ್ ಎಂದರು. ನನ್ನ ಸಲುವಾಗಿ ಅವರು ಹಾಗೆ ನಿಂತದ್ದು...

ಊಟದ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದರು. ಕೈತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದೆ.

“ನಿನ್ನ ನಡೂಮಧ್ಯ ನಿಲ್ಲಿಸ್ಬುಟ್ಟೆ ಕಣೇ. ಆ ಕಡೀಕೂ ಇಲ್ಲ, ಈ ಕಡೀಕೂ ಇಲ್ಲ. ನಂದೇ ದುಡುಕು.”

ಮರುವರ್ಷ ಕಾಲೇಜಿನವರು ತಂಡದ ಜವಾಬ್ದಾರಿಯನ್ನು ಬೇರೆಯವರಿಗೆ ಕೊಟ್ಟರು. ಅದರ ಮುಂದಿನ ವರ್ಷದಿಂದ ಮೇಡಂ ಕಾಲೇಜಿಗೇ ಬರಲಿಲ್ಲ. ಕೋರ್ಟಿನ ಕೆಲಸ ಹೆಚ್ಚಾಗಿದೆ ಎಂದರಂತೆ.

ನಾನು ಹಾಸನದಲ್ಲಿ ಒಬ್ಬ ಸೀನಿಯರ್ ಹತ್ತಿರ ಸೇರಿದೆ. ಅಲ್ಲಿ ಒಂದೊಂದೇ ಮಾತನ್ನು ಒರೆಸಿ ಹೊಸದಾಗಿ ಬರೆದುಕೊಂಡೆ. ‘ಐತೆ’ ಹೋಗಿ ‘ಇದೆ’ ಆಯಿತು. ಅವ್ವನ ಜೊತೆ ಫೋನಿನಲ್ಲೂ ಅದೇ ಬರತೊಡಗಿದಾಗ ಅವಳು, ಯಾರ ಪಕ್ಕದಲ್ಲಿದ್ದೀಯ ಎಂದು ಕೇಳುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅರಸೀಕೆರೆಗೇ ಬಂದು ಆಫೀಸು ತೆರೆದೆ. ಒಂದು ಸಲ ದಾರಿ ತಕರಾರಿನ ಕೇಸಿನಲ್ಲಿ ಎದುರಿಗೆ ಮೇಡಂ ಇದ್ದರು. ಅವರ ಸಾಕ್ಷಿ ವಯಸ್ಸಾದ ಹೆಂಗಸು, ನಮ್ಮ ಹಳ್ಳಿ ಕಡೆಯದೇ ಮಾತು. ನಾನು ಪಾಟಿ ಸವಾಲು ಮಾಡಿದೆ. ಎಲ್ಲೂ ತಡವರಿಸಲಿಲ್ಲ. ಕೇಳಬೇಕಾದ್ದನ್ನು ಕೇಳಿದೆ, ಬರಬೇಕಾದ ಉತ್ತರ ಬಂತು. ಹೊರಗೆ ಕಾರಿಡಾರಿನಲ್ಲಿ ಮೇಡಂ ಕಾದು ನಿಂತಿದ್ದರು.

“ಬಹಳ ಚೆನ್ನಾಗಿ ಮಾಡಿದಿರಿ,” ಎಂದರು.

ಅಚ್ಚು ಹಾಕಿದಂಥ ಕನ್ನಡ. ನನಗೆ ‘ನೀವು’ ಎಂದಿದ್ದರು. ಫೈಲನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದು ಹೋದರು. ಅದಾದ ಮೇಲೆ ಎದುರು ಸಿಕ್ಕಾಗಲೆಲ್ಲ ನಮಸ್ಕಾರ, ಪ್ರತಿನಮಸ್ಕಾರ. ಇಬ್ಬರೂ ಒಳ್ಳೆಯ ಕನ್ನಡದಲ್ಲಿ ಮಾತಾಡಿ ಮುಂದೆ ಹೋಗುತ್ತಿದ್ದೆವು.

ಈ ವರ್ಷ ಮೇಡಂ ತೀರಿಕೊಂಡರು. ಕಾಯಿಲೆ ಇದ್ದುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ವಕೀಲರ ಸಂಘದಲ್ಲಿ ಎದ್ದು ನಿಂತು ಮೌನ ಆಚರಿಸಿದೆವು. ಆ ಹಳೆಯ ಸ್ಪರ್ಧೆಗಳ ಬಳಗದವರು ಒಬ್ಬಿಬ್ಬರು ಬಂದಿದ್ದರು. ಮೇಡಂ ಎಷ್ಟು ಶಿಸ್ತಿನವರು, ಭಾಷೆ ಎಷ್ಟು ಶುದ್ಧ ಎಂದು ಮಾತಾಡಿದರು.

ನಾನು ಮೇಡಂ ಊರು ಹಗರೆಗೆ ಹೋದೆ. ಮೇಡಂ ಅವರ ಅಕ್ಕ ಆಗ ತಾನೇ ಡೇರಿಗೆ ಹಾಲು ಹಾಕಿ ಬಂದಿದ್ದರು. ಕ್ಯಾನನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಕುರ್ಚಿ ಒರೆಸಿ ಕೂರಿಸಿದರು. ನಾನು ಅರಸೀಕೆರೆ ಕೋರ್ಟಿನಿಂದ ಬಂದವಳು, ಮೇಡಂ ನನಗೆ ಪಾಠ ಹೇಳಿದವರು ಎಂದೆ. ಆಕೆ ತಂಗಿಯ ಕೊನೆಯ ದಿನಗಳನ್ನು ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರ ಹತ್ತಿರವೂ ನಮ್ಮ ಹಾಗೇ ಮಾತಾಡುತ್ತಿದ್ದಳು, ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳು ಎಂದು ಕಣ್ಣೊರೆಸಿಕೊಂಡರು. ಆಮೇಲೆ ಏನೋ ನೆನಪಾಗಿ ನನ್ನ ಕಡೆ ಬಾಗಿದರು.

“ನಿಮ್ ಕೋರ್ಟಲ್ಲಿ ಒಬ್ಳು ಲಾಯರಮ್ಮ ಇದಾಳಂತಲ್ಲ ಅಮ್ಮಾರೆ. ಥೇಟ್ ನಮ್ಮಂಗೇ ಮಾತಾಡ್ತಾಳಂತೆ. ಬೆಂಕೀದು ಏನೋ ಒಂದ್ ಮಾತಂದು ಎಲ್ರ ಬಾಯೂ ಮುಚ್ಸಿದ್ಲಂತೆ. ನಮ್ ಹುಡ್ಗಿ ಹೇಳಿದ್ದೇ ಹೇಳಿದ್ದು ಅವ್ಳ ಇಚಾರ. ಮಣ್ಣಿಗ್ ಬರ್ತಾಳೆ ಅಂತ ನೋಡ್ದೆ, ಬರ್ನಿಲ್ಲ. ನಿಮ್ಗೇನಾರ ಗೊತ್ತಾ ಅವ್ಳು?”

ಮೇಡಂ ಕೋರ್ಟಿನಲ್ಲಿ ನನ್ನ ಒಳ್ಳೆಯ ಕನ್ನಡವನ್ನು ಕೇಳಿದ್ದರು. ಕಿವಿಯಾರೆ ಕೇಳಿದ್ದರು. ಮನೆಗೆ ಬಂದು ಅಕ್ಕನಿಗೆ ಮಾತ್ರ ಹೀಗೆ ಹೇಳಿದ್ದರು...

ನಾನೇ ಎನ್ನಲು ಬಾಯಿ ತೆರೆದೆ. ಆಕೆಯ ಭಾಷೆಯಲ್ಲಿ ಹೇಳೋಣವೆಂದು ಒಳಗೇ ಒಂದು ಸಲ ಅಂದುಕೊಂಡು ನೋಡಿದೆ. ಯಾರದೋ ಮಾತನ್ನು ಅಣಕಿಸಿದ ಹಾಗೆ ಕೇಳಿಸಿತು. ವಿಚಾರಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಅದಾಗಿ ತಿಂಗಳಾಯಿತು. ಆಕೆ ನನ್ನ ನಂಬರು ತೆಗೆದುಕೊಂಡಿದ್ದರು. ಎರಡು ಸಲ ಫೋನು ಬಂತು. ಎತ್ತಲಿಲ್ಲ.