ಹಳೆಯ ನೀರು ಚೆಲ್ಲುತ್ತಿದ್ದಾಕೆ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಮಾನ್ವಿಯ ನಮ್ಮ ಶಾಲೆಯ ಅಡುಗೆಮನೆಯ ಮುಂದೆ ನಾನು, ಅಡುಗೆಯಾಕೆ ಮತ್ತು ನಾಲ್ಕನೇ ತರಗತಿಯ ಮಕ್ಕಳಿದ್ದೆವು. ನೀರು ಉಳಿಸಿ ಎಂದು ನಾನು ದಿನವೂ ಪ್ರಾರ್ಥನೆಯಲ್ಲಿ ಹೇಳಿಕೊಡುತ್ತಿದ್ದೆ. ನಳದಲ್ಲಿ ನೀರು ಬರುವ ದಿನ ಆಕೆ ಸೆರಗು ಸಿಕ್ಕಿಸಿಕೊಂಡು, ಡ್ರಮ್ಮಿನಲ್ಲಿದ್ದುದನ್ನೆಲ್ಲ ಅದೇ ಮಕ್ಕಳಿಂದ ಚೆಲ್ಲಿಸುತ್ತಿದ್ದಳು.

"ಹಳಿ ನೀರು ಮಕ್ಕಳಿಗೆ ಕುಡಿಸಬಾರದ್ರೀ ಸರ್ರ" ಎನ್ನುವುದು ಆಕೆಯ ಒಂದೇ ಮಾತು.

ಅಂದು ಚೆಲ್ಲಿಸಿದ ಮೇಲೆ ನಳ ಬರಲೇ ಇಲ್ಲ.

"ಈಗ ಮಧ್ಯಾಹ್ನದ ಅನ್ನಕ್ಕ ಏನು ಹಾಕ್ತೀಯವ್ವಾ?" ಎಂದೆ.

"ನಳ ಬಿಡಾವನ್ನ ಕೇಳ್ರಿ, ನನ್ನನ್ಯಾಕ ಕೇಳ್ತೀರಿ?" ಎಂದು ಸಿಡುಕಿ, ತನ್ನ ಮನೆಯಿಂದ ಎರಡು ಕೊಡ ಹೊತ್ತು ತಂದಳು.

"ಯವ್ವಾ, ಇದು ಯಾವಾಗ ತುಂಬಿದ್ದು?" ಎಂದಳು ಒಬ್ಬ ಹುಡುಗಿ.

"ಶುಕ್ರವಾರ. ಸುಮ್ಕಿರಬೇ."

ಮಕ್ಕಳು ಉಂಡರು. ಉಳಿದ ಅರ್ಧ ಕೊಡವನ್ನು ಆಕೆ ಮೋರಿಯ ಕಡೆ ಎತ್ತಿದಳು. ಮಕ್ಕಳೇ ಅದನ್ನು ಕಸಿದುಕೊಂಡು, ತಟ್ಟೆ ಮುಚ್ಚಿಟ್ಟರು.