ಹಲ್ಲು ನೋಡಿ ಕೇಳಿದ ಪ್ರಶ್ನೆ

ಹೋದ ತಿಂಗಳು ಮಗಳ ಹಲ್ಲುನೋವಿಗೆಂದು ಲವಂಗದ ಎಣ್ಣೆಯ ಸೀಸೆ ತೆರೆದೆ. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ತಾರ್ನಾಕದ ಒಂದು ಪುಟ್ಟ ದವಾಖಾನೆ ಕಣ್ಣ ಮುಂದೆ ಬಂತು... ಅಲ್ಲಿದ್ದ ಹಲ್ಲಿನ ಡಾಕ್ಟರಮ್ಮನೂ.

ನನಗಾಗ ಹತ್ತೊಂಬತ್ತು. ಮನೆ ಮಲ್ಕಾಜ್‌ಗಿರಿಯಲ್ಲಿ, ಅಪ್ಪ ರೈಲ್ವೆಯಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅಣ್ಣನ ಮದುವೆಯ ಬಟ್ಟೆಗೆಂದು ಸುಲ್ತಾನ್ ಬಜಾರಿಗೆ ಹೋಗಿದ್ದಾಗ ಅಂಗಡಿಯವನೊಬ್ಬ ನನ್ನ ಅಳತೆಯದು ಸಿಗುವುದಿಲ್ಲ ಎಂದಿದ್ದ. ಜೊತೆಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನದಿಂದ ತಿಂಡಿ ಬಿಟ್ಟೆ, ಆಮೇಲೆ ಮಧ್ಯಾಹ್ನದ ಊಟ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಹಸಿವು ತಡೆಯದೆ ಬುಟ್ಟಿಯಲ್ಲಿದ್ದ ರೊಟ್ಟಿ, ಡಬ್ಬಿಯಲ್ಲಿದ್ದ ಚಕ್ಕುಲಿ ಎಲ್ಲ ತಿಂದೆ. ತಿಂದ ಮೇಲೆ ಹೆದರಿಕೆಯಾಯಿತು. ಬಚ್ಚಲಿಗೆ ಹೋಗಿ ಕಕ್ಕಿದೆ. ಅದೇ ರೂಢಿಯಾಯಿತು. ತಲೆ ಸುತ್ತುತ್ತಿತ್ತು, ಮುಟ್ಟು ತಪ್ಪುತ್ತಿತ್ತು. ನಾನೇನೂ ಸೊರಗಿರಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುತ್ತದೆ ಎಂದಾಗ ಅವ್ವ ಆ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಕಲಬುರಗಿ ಕಡೆಯವರು, ಅರವತ್ತು ದಾಟಿದವರು. ಸಣ್ಣ ಕನ್ನಡಿ ಹಿಡಿದು ನನ್ನ ಮೇಲಿನ ಹಲ್ಲುಗಳ ಒಳಬದಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನನ್ನು ಹೊರಗೆ ಕೂರಲು ಹೇಳಿ, ಬಾಗಿಲು ಮುಚ್ಚಿ, ಸ್ಟೂಲು ಎಳೆದುಕೊಂಡು ಹತ್ತಿರ ಕುಳಿತರು.

"ಉಂಡಿದ್ದು ಹೊರಗ ಹಾಕ್ತಿ ಏನವಾ?"

ನನಗೆ ಅಳು ಬಂತು. ಆದರೆ ಆ ಅಳುವಿನ ಒಳಗೆ ಎಂಥ ನಿರಾಳವಿತ್ತೆಂದರೆ... ಅಂತೂ ಒಬ್ಬರಿಗೆ ಗೊತ್ತಾಯಿತಲ್ಲ!

"ಹೊಟ್ಟ್ಯಾಗಿನ ಹುಳಿ ಹಲ್ಲು ತಿಂದೈತಿ. ಇದು ನಿನ್ನ ಚಟ ಅಲ್ಲವಾ, ರೋಗ. ಭಾಳ ಮಂದಿಗೆ ಬರ್ತೈತಿ, ವಾಸಿನೂ ಆಗ್ತೈತಿ. ಅವ್ವಗ ನೀ ಹೇಳ್ತಿಯೋ, ನಾ ಹೇಳ್ಲೋ?"

ಅವರೇ ಹೇಳಿದರು. ಮನೋವೈದ್ಯರಿಗೆ ತೋರಿಸಬೇಕು ಎಂದಾಗ ಅವ್ವ ಗಾಬರಿಯಾದಳು. "ಹುಚ್ಚರ ಡಾಕ್ಟರ್ ಹತ್ರ ಏನ್ರಿ? ನಾಳೆ ಇಕಿಗೆ ಸಂಬಂಧ ಹೆಂಗ ಬರಬೇಕು?"

"ಮೊದಲ ಹುಡುಗಿ ಉಳೀಲ್ರಿ. ವಾಂತಿ ಹಿಂಗ ನಡೀತಂದ್ರ ಎದಿಗೂ ಪೆಟ್ಟು ಬೀಳ್ತೈತಿ," ಎಂದವರೇ ತಮ್ಮ ಗುರುತಿನ ಮನೋವೈದ್ಯೆಗೆ ಫೋನ್ ಹಚ್ಚಿದರು.

ಆಟೋದಲ್ಲಿ ಅವ್ವ ನನ್ನ ಕೈ ಬಿಡಲಿಲ್ಲ. "ಬಚ್ಚಲದಾಗ ನಳ ಅಷ್ಟ್ಹೊತ್ತು ಯಾಕ ಬಿಡ್ತಿ ಅಂತ ಬೈತಿದ್ದೆ. ಒಮ್ಮೆನೂ ಕೇಳಲಿಲ್ಲ ನೋಡು," ಎಂದಳು.

ರಕ್ತಪರೀಕ್ಷೆ, ಗುಳಿಗೆ, ವಾರಕ್ಕೊಮ್ಮೆ ಮನೋವೈದ್ಯೆಯ ಮುಂದೆ ಕುಳಿತು ಮಾತು. ಅಂಗಡಿಯವನ ಆ ಒಂದು ಮಾತಿನಿಂದಷ್ಟೇ ಹೀಗಾಗಿರಲಿಲ್ಲ, ಚಿಕ್ಕಂದಿನಿಂದ ನನ್ನನ್ನೇ ನಾನು ಅಳೆದುಕೊಳ್ಳುತ್ತ ಬಂದಿದ್ದೆ ಎಂಬುದು ಅಲ್ಲಿ ನಿಧಾನಕ್ಕೆ ತಿಳಿಯಿತು. ಹೊತ್ತಿಗೆ ಸರಿಯಾಗಿ ಮೂರು ಊಟ, ಪಕ್ಕದಲ್ಲಿ ಅವ್ವ. ಊಟವಾದ ಮೇಲೆ ಅರ್ಧ ಗಂಟೆ ಇಬ್ಬರೂ ಸೊಪ್ಪು ಬಿಡಿಸುತ್ತ ಕೂರುತ್ತಿದ್ದೆವು.

ನಡುನಡುವೆ ಡಾಕ್ಟರಮ್ಮನ ಬಳಿಯೂ ಹೋಗುತ್ತಿದ್ದೆ. ಅವರ ಮುಂದೆ ಬಾಯಿ ತೆರೆದರೆ ಸುಳ್ಳು ಹೇಳುವಂತಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಮತ್ತೆ ಶುರುವಾದದ್ದನ್ನು ನಾನೇ ಹೇಳಿದೆ. "ಬಿದ್ದಿ, ಎದ್ದಿ. ಕಕ್ಕಿದ ಕೂಡ್ಲೆ ಹಲ್ಲು ತಿಕ್ಕಬ್ಯಾಡ, ನೀರಿಲೆ ಮುಕ್ಕಳಿಸು," ಎಂದರಷ್ಟೇ. ಒಂದೂವರೆ ವರ್ಷದ ಮೇಲೆ ಒಂದು ದಿನ ಕನ್ನಡಿ ಕೆಳಗಿಟ್ಟು, "ಸವಕಳಿ ನಿಂತೈತಿ," ಎಂದರು. ಅಂದೇ ಸವೆದ ಹಲ್ಲುಗಳನ್ನು ತುಂಬಲು ಶುರು ಮಾಡಿದರು.

ಮದುವೆ, ಕೆಲಸ, ಮಗಳು... ಅವರನ್ನು ನೋಡಿ ಬರಬೇಕೆಂದುಕೊಳ್ಳುತ್ತಲೇ ವರ್ಷಗಳು ಹೋದವು. ಮೊನ್ನೆ ಒಬ್ಬಳೇ ತಾರ್ನಾಕಕ್ಕೆ ಹೋದೆ. ದವಾಖಾನೆಯ ಜಾಗದಲ್ಲಿ ಕನ್ನಡಕದ ಅಂಗಡಿ. ಡಾಕ್ಟರಮ್ಮ ತೀರಿಕೊಂಡು ಎರಡು ವರ್ಷವಾಯಿತೆಂದು ಪಕ್ಕದ ಔಷಧಿ ಅಂಗಡಿಯವರು ಹೇಳಿದರು. ನಾನು ಪೂರ್ತಿ ವಾಸಿಯಾದೆ ಎಂದು ಅವರಿಗೆ ಹೇಳುವುದು ಉಳಿದೇ ಹೋಯಿತು.

ಬಿಸಿಲಲ್ಲಿ ರಸ್ತೆ ದಾಟಿದೆ. ಹಸಿವಾಗಿತ್ತು. ಎದುರಿನ ಹೋಟೆಲಿನಲ್ಲಿ ಎರಡು ದೋಸೆ ತಿಂದು, ಚಹಾ ಕುಡಿದು ಬಸ್ಸು ಹತ್ತಿದೆ. ತಿಂದದ್ದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ ಎಂಬುದು ಹೊಳೆದದ್ದು ಮನೆಯ ಸ್ಟಾಪಿನಲ್ಲಿ ಇಳಿದ ಮೇಲೆ.