ಗುರುಬಾಯಿ ಅಡ್ಡ ಮಲಗಿಸಿದ ಬಾಟಲಿ

ಗುರುಬಾಯಿ ಮನೆಮನೆಗೆ ಹೋಗುವಾಗ ಸೆರಗಿನಡಿ ಒಂದು ಖಾಲಿ ಬಾಟಲಿ ಇರುತ್ತಿತ್ತು. ಕುಸುಬಿ ಎಣ್ಣೆಯದು. ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿದ್ದು. ಯಾರ ಮನೆಗೆ ಹೋದರೂ ಹೊಸ್ತಿಲ ಮೇಲೆ ಅದನ್ನು ನಿಲ್ಲಿಸಿ, “ಇದು ಧನರಾಜನ ಅಂಗಡಿ ಇರ್ಲಿ ಅನ್ನೂದು,” ಎನ್ನುವಳು. ಆಮೇಲೆ ಕೂಸನ್ನು ಮಲಗಿಸುವ ಹಾಗೆ ಮೆಲ್ಲಗೆ ಅಡ್ಡ ಮಲಗಿಸಿ, “ಇದು ಬ್ಯಾಡ ಅನ್ನೂದು. ವೋಟಿನ ಶಿಕ್ಕಾ ಹೊಡಿಯೂದು ಇದಕ್ಕ,” ಎನ್ನುವಳು.

ಒಬ್ಬ ಮುದುಕಿ ಬಾಟಲಿಯನ್ನೇ ದಿಟ್ಟಿಸಿ ನೋಡಿ ಕೇಳಿದ್ದಳು: “ಅಲ್ಲವಾ, ಸೆಟದ ನಿಂತದ್ದ ಬಿಟ್ಟು ಬಿದ್ದದ್ದಕ್ಕ ಯಾಕ ವೋಟ ಹಾಕಬೇಕು?”

“ಬೀಳ್ಸಾಕೇ ಹೊಂಟೀವಲ್ಲ ಆಯಿ.”

“ಹಂಗಾರ ಹಾಕತೀನಿ ತಗೋ.”

ವಳಸಂಗ ದಾಟಿ ಅಕ್ಕಲಕೋಟೆಯ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗಿರುವ ಊರು ಅವರದು. ಎಸ್.ಟಿ. ಬಸ್ಸು ನಿಲ್ಲುವ ಬೇವಿನ ಮರಕ್ಕೆ ಆತುಕೊಂಡೇ ಧನರಾಜನ ದೇಶಿ ದಾರೂ ಅಂಗಡಿ. ಲೈಸೆನ್ಸು ಇದ್ದದ್ದು, ಬಾಗಿಲ ಮೇಲೆ ಬೋರ್ಡು ಇದ್ದದ್ದು. ಏಳನೆಯ ಇಯತ್ತೆ ಮುಗಿಸಿದ ಹುಡುಗಿಯರು ಹೈಸ್ಕೂಲಿಗೆ ಹೋಗಬೇಕೆಂದರೆ ಬೆಳಗಿನ ಏಳರ ಬಸ್ಸಿಗೆ ಅಲ್ಲೇ ನಿಲ್ಲಬೇಕು. ರಾತ್ರಿ ಅಲ್ಲಿ ಬಿದ್ದವರು ಏಳುವುದೂ ಅದೇ ಹೊತ್ತಿಗೆ.

ಗುರುಬಾಯಿಯ ಮಗಳು ಮಯೂರಿ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಕುಡಿದವನೊಬ್ಬ ಆಕೆಯ ದಪ್ತರಕ್ಕೆ ಕೈ ಹಾಕಿ ಜಗ್ಗಿದ. ಪಟ್ಟಿ ಹರಿಯಿತು, ಪುಸ್ತಕಗಳು ಮಣ್ಣಿಗೆ ಬಿದ್ದವು. ಅಂದೇ ಸಂಜೆ ಗುರುಬಾಯಿಯ ಗಂಡ ಅಮೃತಪ್ಪ, ಸಾಲಿ ಸಾಕು ಎಂದುಬಿಟ್ಟ. ಆ ಮನೆಯಲ್ಲಿ ಸಾಲಿ ಬಿಡಿಸಬೇಡ ಎಂದು ಬಾಯಿ ಬಿಟ್ಟು ಹೇಳಿದವಳು ಅಮೃತಪ್ಪನ ತಾಯಿ ನೀಲಾಬಾಯಿ ಒಬ್ಬಳೇ. ಗುರುಬಾಯಿ ರೊಟ್ಟಿ ಬಡಿಯುತ್ತ ಕೂತವಳು ತಲೆ ಎತ್ತಲಿಲ್ಲ. ಮಯೂರಿ ಮಾತ್ರ ತಾಯಿಯ ಮುಖವನ್ನೇ ನೋಡುತ್ತ, “ಅಂಗಡಿ ಮುಚ್ಚೂದ ಬಿಟ್ಟು ನನ್ನ ಸಾಲಿ ಮುಚ್ಚಿದ್ರಿ,” ಎಂದಳು.

ಮಗಳು ಮದುವೆಯಾಗಿ ಮಂಗಳವೇಢೆಯ ಕಡೆಯ ಹಳ್ಳಿಗೆ ಹೋದಳು. ನೀಲಾಬಾಯಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಮಾತು ಮಾತ್ರ ಗುರುಬಾಯಿಯ ಒಳಗೆ ಉಳಿದೇ ಇತ್ತು. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಓಣಿಯ ಮತ್ತಿಬ್ಬರು ಹುಡುಗಿಯರನ್ನು ಅದೇ ಕಾರಣಕ್ಕೆ ಸಾಲಿ ಬಿಡಿಸಿದರು ಎಂದು ಕೇಳಿದಾಗ ಆಕೆ ಒಲೆಯ ಮುಂದಿನಿಂದ ಎದ್ದುಬಂದಳು.

ಮಹಾರಾಷ್ಟ್ರದಲ್ಲಿ ದಾರೂ ಅಂಗಡಿ ಮುಚ್ಚಿಸಲು ಹೆಣ್ಣುಮಕ್ಕಳ ಕೈಗೆ ಒಂದು ದಾರಿ ಇದೆ. ಊರಿನ ಮಹಿಳಾ ಮತದಾರರಲ್ಲಿ ಕಾಲು ಭಾಗದವರು ಸಹಿ ಮಾಡಿ ಕೇಳಿದರೆ ಸರಕಾರದ ಸಾಹೇಬರು ಊರಿಗೇ ಬಂದು ಮತದಾನ ನಡೆಸುತ್ತಾರೆ. ಚೀಟಿಯಲ್ಲಿ ಎರಡೇ ಚಿತ್ರ: ನಿಂತ ಬಾಟಲಿ, ಅಡ್ಡ ಬಾಟಲಿ. ಇದನ್ನು ಗುರುಬಾಯಿಗೆ ಹೇಳಿಕೊಟ್ಟವಳು ಸೊಸೆ ಸಾರಿಕಾ. ಸೋಲಾಪುರದ ಅಂಗಡಿಕಾರರ ಮನೆಯ ಹುಡುಗಿ, ಮರಾಠಿ ಕಾಗದಗಳನ್ನು ಪಟಪಟ ಓದುವವಳು. ನಾಲ್ಕನೆಯ ಇಯತ್ತೆ ಕನ್ನಡ ಕಲಿತ ಅತ್ತೆ, ಬಗಲಲ್ಲಿ ಕೂಸು ಎತ್ತಿಕೊಂಡ ಸೊಸೆ, ಇಬ್ಬರೂ ಮಧ್ಯಾಹ್ನದ ಊಟ ಮುಗಿಸಿ ಓಣಿ ಓಣಿ ತಿರುಗಿ ಸಹಿ ಕೂಡಿಸಿದರು.

ಮೊದಲ ಸಲದ ಮತದಾನದ ಸಂಜೆಯನ್ನು ಊರು ಇಂದಿಗೂ ನಗುತ್ತ ನೆನೆಯುತ್ತದೆ. ಸಾಲಿಯ ಪಡಸಾಲೆಯಲ್ಲಿ ಎಣಿಕೆ ಮುಗಿಯಿತು. ಅಡ್ಡ ಬಾಟಲಿಗೆ ಮುನ್ನೂರ ತೊಂಬತ್ತನಾಲ್ಕು, ನಿಂತ ಬಾಟಲಿಗೆ ಎಂಬತ್ತೆಂಟು. ಸಾಹೇಬರ ಬಾಯಿಂದ ಆ ಸಂಖ್ಯೆ ಬಿದ್ದದ್ದೇ ತಡ, ಗುರುಬಾಯಿ ಡಬ್ಬಿ ತೆಗೆದು ಸಕ್ಕರೆ ಹಂಚತೊಡಗಿದಳು. ಸಾಹೇಬರಿಗೂ ಒಂದು ಚಿಟಿಕೆ ಕೊಟ್ಟಳು.

ಅವರು ಸಕ್ಕರೆ ಕೈಯಲ್ಲೇ ಹಿಡಿದುಕೊಂಡು, “ಥಾಂಬಾ ಮಾವಶಿ, ಥಾಂಬಾ,” ಎಂದು ತಡೆದರು. ಬಂದು ಹಾಕಿದವರಲ್ಲಿ ಅರ್ಧ ಸಾಲದು, ಪಟ್ಟಿಯಲ್ಲಿ ಹೆಸರಿರುವ ಎಲ್ಲ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಪಟ್ಟಿಯಲ್ಲಿ ಎಂಟುನೂರ ಹನ್ನೆರಡು ಹೆಸರು. ಹದಿಮೂರು ವೋಟು ಕಡಿಮೆ ಬಿದ್ದವು. ಇನ್ನೊಂದು ವರ್ಷ ಕೇಳುವ ಹಾಗಿಲ್ಲ.

ಮರುದಿನ ಧನರಾಜ ಅಂಗಡಿಯ ಕಟ್ಟೆಯ ಮೇಲೆ ಕೂತೇ ಕೂಗಿದ: “ಅಕ್ಕಾ, ಸಕ್ಕರಿ ಬಾಳ ಚೊಲೋ ಇತ್ತ ನೋಡು!”

ಗುರುಬಾಯಿ ಎರಡು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಮೂರನೆಯ ದಿನ ಸಾರಿಕಾ ಪಂಚಾಯತಿಯಿಂದ ಪಟ್ಟಿಯ ಝೆರಾಕ್ಸ್ ತಂದು, ಕೂಸಿಗೆ ಹಾಲೂಡಿಸುತ್ತ ಒಂದೊಂದೇ ಹೆಸರು ಓದಿದಳು. ಗುರುಬಾಯಿ ಜೋಳ ಹಸನು ಮಾಡುತ್ತ, “ಅದಾಳ,” “ಲಗ್ನ ಆಗಿ ಹೋಗ್ಯಾಳ,” “ಸತ್ತಾಳ” ಎನ್ನುತ್ತ ಹೋದಳು. ಮುಗಿದಾಗ ನೋಡಿದರೆ ಪಟ್ಟಿಯಲ್ಲಿ ಇಪ್ಪತ್ತೇಳು ಮಂದಿ ಸತ್ತವರು. ಅವರಷ್ಟೇ ಇಲ್ಲದಿದ್ದರೂ ಅಂಗಡಿ ಮುಚ್ಚಿರುತ್ತಿತ್ತು.

“ಸತ್ತವ್ರೆಲ್ಲ ಸೇರಿ ನಮ್ಮನ್ನ ಸೋಲ್ಸಿದ್ರಲ್ಲ!” ಎಂದಳು ಗುರುಬಾಯಿ.

ಸಾರಿಕಾ ಒಂದು ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು: “ಅತ್ತಿ, ಆಯಿನೂ ಅದಾರ್ರಿ. ನೀಲಾಬಾಯಿ. ವಯಾ ತೊಂಬತ್ತಾರಂತ. ವರ್ಷಾ ವರ್ಷಾ ಬೆಳ್ಯಾಕತ್ತಾರ.”

ಆ ವರ್ಷವೆಲ್ಲ ಗುರುಬಾಯಿ ಹೆಸರು ತೆಗೆಸುವ ಅರ್ಜಿ ಹಿಡಿದು ತಿರುಗಿದಳು. ಮದುವೆಯಾಗಿ ಹೋದವರ ಮನೆಗಳಲ್ಲಿ ಆಕೆಯದು ಒಂದೇ ಮಾತು: “ಇಲ್ಲಾ ಬಂದು ವೋಟ ಹಾಕ್ಲಿ, ಇಲ್ಲಾ ಹೆಸರ ತಗಸ್ಲಿ. ನಡಬರಕ ನಿಂದ್ರೂದು ಬ್ಯಾಡ.” ಸತ್ತವರ ಮನೆಗಳಲ್ಲಿ ಹಾಗೆ ಹೇಳಲಾಗುತ್ತಿರಲಿಲ್ಲ. ಅಲ್ಲಿ ಕೂತು ಚಹಾ ಕುಡಿದು, ಹೋದವರ ನಾಲ್ಕು ಮಾತು ಕೇಳಿ, ಕಣ್ಣೊರೆಸಿಕೊಂಡು, ಆಮೇಲೆ ಕಾಗದ ತೆಗೆಯಬೇಕು. ಒಬ್ಬ ಮಗಳು ಸಹಿ ಮಾಡುವ ಮೊದಲು ತಾಯಿಯ ಹೆಸರನ್ನು ಮೂರು ಸಲ ಓದಿಸಿಕೊಂಡಳು. ಯಾರೂ ಆಕೆಯನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ಮನೆಯವರು ನಾಲ್ಕು ಬದನೆಕಾಯಿಯನ್ನೂ ಉಡಿಗೆ ಹಾಕಿದರು.

ಸತ್ತವರ ಇಪ್ಪತ್ತಾರು ಅರ್ಜಿ ಕೂಡಿದವು. ಉಳಿದದ್ದು ತನ್ನ ಮನೆಯದೇ.

ಅಮೃತಪ್ಪ ತಾಯಿಯ ಹೆಸರಿಗೆ ಕೈ ಹಚ್ಚಗೊಡಲಿಲ್ಲ. ಪ್ರತಿ ಚುನಾವಣೆಗೆ ಮನೆಗೆ ಬರುವ ಚೀಟಿಗಳಲ್ಲಿ ತಾಯಿಯ ಹೆಸರಿನದೂ ಒಂದಿರುತ್ತಿತ್ತು. ಅದನ್ನು ಆತ ತಾಯಿಯ ಫೋಟೋದ ಹಿಂದೆ ಸಿಗಿಸಿಡುತ್ತಿದ್ದ. ರೇಷನ್ ಕಾರ್ಡಿನಿಂದ ಹೆಸರು ಹೋಗಿತ್ತು, ಹೊಲದ ಏಳೂಬಾರಾ ಉತಾರೆಯಿಂದ ಹೋಗಿತ್ತು. ಸರಕಾರ ಇನ್ನೂ ತಾಯಿಯನ್ನು ಹೆಸರು ಹಿಡಿದು ಕರೆಯುವುದು ಆ ಒಂದು ಚೀಟಿಯಲ್ಲಿ ಮಾತ್ರ.

“ಇರ್ಲಿ ಬಿಡು. ಒಂದು ಹೆಸರಲೇ ಏನ ಆಗತೈತಿ?” ಎಂದ.

“ಹಿಂಗಂತ ಇಪ್ಪತ್ತಾರು ಮನಿಯವ್ರೂ ಅಂದಿದ್ರರಿ. ಅವ್ರಿಗೆ ಯಾವ ಬಾಯ್ಲೆ ಹೇಳಿ ಸಹಿ ತಗೊಂಡ ಬಂದೀನಿ ನಾ?”

ಅಮೃತಪ್ಪ ಎದ್ದು ಹೋಗಲು ತಲೆಗೆ ಸುತ್ತುವ ಪಟಗ ತೆಗೆದುಕೊಂಡ. ಗುರುಬಾಯಿ ದಾರಿಗೆ ಅಡ್ಡ ನಿಲ್ಲಲಿಲ್ಲ. ಕೂತಲ್ಲಿಂದಲೇ ಹೇಳಿದಳು:

“ಮಯೂರಿ ಸಾಲಿ ಬಿಡ್ಸಿದ ದಿನ ಈ ಮನ್ಯಾಗ ಮಾತಾಡಿದಾಕಿ ನಿಮ್ಮವ್ವ ಒಬ್ಬಾಕಿರಿ. ನಾನೂ ಮಾತಾಡ್ಲಿಲ್ಲ, ನೀವೂ ಕೇಳ್ಲಿಲ್ಲ. ಇವತ್ತ ಆಕಿ ಹೆಸರ ಹಿಡಕೊಂಡು ಧನರಾಜನ ಅಂಗಡಿ ನಿಂತೈತಿ. ಆಕಿ ಇದ್ದಿದ್ರ ಒಪ್ಪತಿದ್ದಳೇನ್ರಿ?”

ಆತ ಪಟಗವನ್ನು ತಿರುಗಿ ಗೂಟಕ್ಕೆ ಸಿಗಿಸಿದ. ಆಮೇಲೆ, “ಪೆನ್ನ ಕೊಡು ಸಾರಿಕಾ,” ಎಂದ. ಸಹಿ ಮಾಡಿದ ಮೇಲೆ ಚೀಟಿಗಳನ್ನು ಫೋಟೋದ ಹಿಂದೆ ಮತ್ತೊಮ್ಮೆ ಒತ್ತಿ ಸರಿಮಾಡಿದ. ಅವು ಅಲ್ಲೇ ಇರಲಿ ಎಂದು ಗುರುಬಾಯಿಯೂ ಸುಮ್ಮನಾದಳು.

ಎರಡನೆಯ ಮತದಾನ ನಾಗರ ಪಂಚಮಿಗೆ ಎರಡು ದಿನ ಮುಂಚಿನ ಭಾನುವಾರಕ್ಕೆ ಬಂತು. ಹೆಸರು ತೆಗೆಸದ ಹೆಣ್ಣುಮಕ್ಕಳೆಲ್ಲ ಹಬ್ಬಕ್ಕೆ ತವರಿಗೆ ಬರುವ ಹೊತ್ತು. ಬರುವವರು ಎರಡು ದಿನ ಮುಂಚೆ ಬಂದರೆ ಆಯಿತು. ಮಯೂರಿ ಮೊದಲ ಸಲ ಬಂದಿರಲಿಲ್ಲ. “ನನ್ನ ಸಾಲಿ ಏನ ತಿರುಗಿ ಬರತೈತೇನವ್ವ?” ಎಂದು ಫೋನು ಇಟ್ಟಿದ್ದಳು. ಈ ಸಲ ಗುರುಬಾಯಿಗೆ ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಫೋನು ಮಾಡಿದವನು ಅಮೃತಪ್ಪ.

“ನಿಮ್ಮ ಆಯಿ ಹೆಸರ ತಗಸೀನವ್ವಾ,” ಎಂದ. “ನಾ ಅವತ್ತ ಆಕಿ ಮಾತ ಕೇಳಬೇಕಾಗಿತ್ತು. ಆಕಿ ಬದ್ಲಿ ನೀ ಬಂದು ಹಾಕು.”

ಭಾನುವಾರ ಬೆಳಗ್ಗೆ ಗುರುಬಾಯಿ ಬೇವಿನ ಮರದ ಕೆಳಗೆ ನಿಂತು ಬಸ್ಸು ಬಸ್ಸಿಗೂ ಇಣುಕಿದಳು. ಬೋರಾಮಣಿಗೆ ಕೊಟ್ಟವರು ಬಂದರು, ಅಕ್ಕಲಕೋಟೆಗೆ ಕೊಟ್ಟವರು ಬಂದರು. ಇಳಿದವರೆಲ್ಲ ಮನೆಗೆ ಹೋಗುವ ಮೊದಲು ಸಾಲಿಯ ಮುಂದಿನ ವೋಟಿನ ಪಾಳಿಗೇ ನಡೆದರು. ಪಾಳಿಯಲ್ಲಿ ಧನರಾಜನ ಹೆಂಡತಿಯೂ ಇದ್ದಳು. ಗುರುಬಾಯಿಯನ್ನು ನೋಡಿ, “ನಾ ಯಾವದಕ್ಕ ಹಾಕತೀನಿ ಕೇಳಬ್ಯಾಡ್ರಿ ಅಕ್ಕಾ,” ಎಂದು ಸೆರಗಿನಲ್ಲಿ ನಕ್ಕಳು.

ಹನ್ನೆರಡೂವರೆಯ ಬಸ್ಸಿನಿಂದ ಮಯೂರಿ ಇಳಿದಳು. ಕೈಯಲ್ಲಿ ಮಗ, ಹೆಗಲಿಗೆ ಚೀಲ. ಅಂಗಡಿಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದಳು.

“ಯಾವ ಬಾಟ್ಲಿ ಅವ್ವಾ?”

ಗುರುಬಾಯಿ ಸೆರಗಿನಡಿಯ ಬಾಟಲಿ ತೆಗೆದು ಅಂಗೈ ಮೇಲೆ ಅಡ್ಡ ಮಲಗಿಸಿದಳು.

ಸಂಜೆ ಸಾಹೇಬರು ಓದಿದರು: ಪಟ್ಟಿಯಲ್ಲಿ ಏಳುನೂರ ಅರವತ್ತು, ಅಡ್ಡ ಬಾಟಲಿಗೆ ನಾಲ್ಕುನೂರ ಹದಿನೇಳು. ಈ ಸಲ ಗುರುಬಾಯಿ ಡಬ್ಬಿಯ ಮುಚ್ಚಳ ಅದುಮಿ ಹಿಡಿದೇ ನಿಂತಿದ್ದಳು. ಸಾಹೇಬರೇ ಕೈ ಚಾಚಿ, “ಆತಾ ದ್ಯಾ ಮಾವಶಿ,” ಎಂದು ಸಕ್ಕರೆ ಕೇಳಿದರು.

ಮರುದಿನದಿಂದ ಆಕೆ ಮತ್ತೆ ಮನೆಮನೆಗೆ ಹೊರಟಳು. ಈಗ ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಅರ್ಜಿ ಕೊಟ್ಟ ಇಪ್ಪತ್ತಾರು ಮನೆಗಳಲ್ಲಿ ಮೊದಲ ಉಂಡಿಯನ್ನು ಹೋದವರ ಫೋಟೋದ ಮುಂದಿಟ್ಟು ಕೈ ಮುಗಿದಳು. ತನ್ನ ಮನೆಯಲ್ಲಿ ನೀಲಾಬಾಯಿಯ ಮುಂದೆ ಇಟ್ಟದ್ದು ಮಾತ್ರ ಎರಡು.

ಅಂಗಡಿ ಮುಚ್ಚುವ ಆದೇಶ ಇನ್ನೂ ಸೋಲಾಪುರದಿಂದ ಬರಬೇಕಿತ್ತು. ಧನರಾಜ ಆಗಲೇ ಬೋರ್ಡು ಇಳಿಸಿದ್ದ. “ಅಕ್ಕಾ, ಇಲ್ಲೇ ಕಬ್ಬಿನ ರಸವಂತಿ ಹಾಕ್ಲೇನು?” ಎಂದು ಕೇಳಿದ.

“ಹಾಕಪಾ. ಮೊದಲನೇ ಗಿಲಾಸ ನನಗ.”

ಹಬ್ಬ ಮುಗಿಸಿ ಹೊರಡುವ ದಿನ ಮಯೂರಿ ಚೀಲ ತುಂಬುತ್ತ, “ಅವ್ವಾ, ಇನ್ನ ಇಲ್ಲಿ ನನ್ನ ಹೆಸರ ತಗಸು,” ಎಂದಳು.

ಗುರುಬಾಯಿ ಚೀಲದ ಬಾಯಿಗೆ ಕೈ ಅಡ್ಡ ಹಿಡಿದಳು. “ಯಾಕವ್ವಾ, ಇನ್ನೂ ಸಿಟ್ಟೇನು?”

“ಸಿಟ್ಟಲ್ಲವ್ವ. ನಮ್ಮೂರಾಗ ಹಚ್ಚಬೇಕಾಗೈತಿ. ಅಲ್ಲೀನೂ ಬಸ್ ಸ್ಟ್ಯಾಂಡ್ ಬಾಜೂಕ ಒಂದು ಅಂಗಡಿ ಐತಿ.” ತಾಯಿಯತ್ತ ಕೈ ಚಾಚಿದಳು. “ಆ ಬಾಟ್ಲಿ ಎಲ್ಲೈತಿ, ಕೊಡು.”

ಗುರುಬಾಯಿ ಗೋಡೆಯ ಮಾಡದಿಂದ ಬಾಟಲಿ ಇಳಿಸಿ, ಸೆರಗಿನಿಂದ ಒರೆಸಿ, ಮಗಳನ್ನು ಬರಿಗೈಯಲ್ಲಿ ಹೇಗೆ ಕಳಿಸುವುದೆಂದು ಎಣ್ಣೆಯ ಡಬ್ಬಕ್ಕೆ ಬಗ್ಗಿದಳು. ಮಯೂರಿ ನಗುತ್ತ ಆಕೆಯ ಮುಂಗೈ ಹಿಡಿದಳು.

“ಖಾಲೀನ ಕೊಡವ್ವ. ಮಲಗಿಸಿದ್ರ ಚೆಲ್ಲತೈತಿ.”